ಭದ್ರಾವತಿಯ ಕಬ್ಬಿಣ, ಲಾಲ್‌ಬಾಗಿನ ಗಾಜಿನ ಮನೆ

ಬೆಂಗಳೂರಿನ ಲಾಲ್‌ಬಾಗ್ ಸಸ್ಯೋದ್ಯಾನವು ಕರ್ನಾಟಕದ ಅತ್ಯಂತ ಪರಿಚಿತ ಉದ್ಯಾನವಾಗಿದ್ದರೂ, ಅದಕ್ಕೂ ಮಲೆನಾಡಿನ ಅಂಚಿನ ಶಿವಮೊಗ್ಗ–ಭದ್ರಾವತಿ ಸೀಮೆಗೂ ಇರುವ ನಂಟು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಉದ್ಯಾನದೊಳಗಿನ ಬಂಡೆಗುಡ್ಡದ ಮೇಲೆ ಕೆಂಪೇಗೌಡರ ಗಡಿಗೋಪುರವೂ, ಕೆಳಗೆ ಮರಗಳ ನಡುವೆ ಕಬ್ಬಿಣದ ಹಂದರಕ್ಕೆ ಗಾಜು ಹೊದಿಸಿದ ದೊಡ್ಡ ಮನೆಯೂ ಇವೆ. ಗೋಪುರವು ನಗರದ ಹುಟ್ಟಿನ ಕಾಲವನ್ನು ನೆನಪಿಗೆ ತಂದರೆ, ಗಾಜಿನ ಮನೆಯು ಲಂಡನ್ ಮತ್ತು ಗ್ಲಾಸ್ಗೋ ನಗರಗಳ ಹೆಸರನ್ನು ಹೇಳಿಸುತ್ತದೆ. ಆ ಮನೆಯ ಒಂದು ಭಾಗಕ್ಕೆ ಕಬ್ಬಿಣ ಒದಗಿಸಿದ್ದು ಮಾತ್ರ ಭದ್ರಾವತಿ. ಈ ಸೀಮೆಯಲ್ಲಿ ಹಾದುಹೋಗುವ ಬೆಂಗಳೂರು–ಹೊನ್ನಾವರ ರಸ್ತೆಯ ಎರಡೂ ಕಡೆಯ ಊರುಗಳ ಜನ ಲಾಲ್‌ಬಾಗನ್ನು ನೋಡಲು ಹೋದಾಗ, ಪರಸ್ಥಳದ ವೈಭವವೊಂದನ್ನು ನೋಡಿದಂತೆ ನೋಡದೆ, ತಮ್ಮ ನೆಲದ ಕೆಲಸವೂ ಅದರಲ್ಲಿ ಸೇರಿದೆಯೆಂಬ ತಿಳಿವಿನಿಂದ ನೋಡುವುದು ಉಚಿತ.

ಉದ್ಯಾನದ ಪರಿಚಯವನ್ನು ಬಂಡೆಯಿಂದಲೇ ಆರಂಭಿಸಬೇಕು, ಏಕೆಂದರೆ ಅಲ್ಲಿರುವುದರಲ್ಲೆಲ್ಲ ಅದೇ ಹಿರಿಯದು. ಭೂವಿಜ್ಞಾನಿಗಳು ಇದನ್ನು ‘ಪೆನಿನ್ಸುಲರ್ ನೈಸ್’ ಎಂಬ ಶಿಲಾವರ್ಗಕ್ಕೆ ಸೇರಿಸುತ್ತಾರೆ. ‘ನೈಸ್’ ಎಂದರೆ ಭೂಮಿಯ ಆಳದಲ್ಲಿ ಅಪಾರ ಶಾಖ ಮತ್ತು ಒತ್ತಡಗಳಿಗೆ ಸಿಕ್ಕಿ ರೂಪಾಂತರ ಹೊಂದಿದ, ತಿಳಿ ಮತ್ತು ಕಪ್ಪು ಖನಿಜಗಳು ಪಟ್ಟೆಪಟ್ಟೆಯಾಗಿ ಹೊರಳಿ ನಿಂತ ಕಲ್ಲು. ದಕ್ಷಿಣ ಭಾರತದ ಪರ್ಯಾಯದ್ವೀಪದ ತಳಹದಿಯಾಗಿ ಬಹುದೂರ ಹಬ್ಬಿರುವುದರಿಂದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ ಅವರು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇದಕ್ಕೆ ಈ ಹೆಸರನ್ನು ಕೊಟ್ಟರು. ಲಾಲ್‌ಬಾಗಿನ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷಗಳೆಂದು ನಿರ್ಧರಿಸಲಾಗಿದ್ದು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಬೆಳಗಿನ ನಡಿಗೆಗೆ ಬರುವವರ ಪಾದಗಳು ತಗಲುವ ಆ ಇಳಿಜಾರಿನಲ್ಲಿ ಪಟ್ಟೆಗಳು ಬರಿಗಣ್ಣಿಗೇ ಕಾಣುತ್ತವೆ. ಅವನ್ನು ಬಗ್ಗಿ ನೋಡದೆ ನೇರವಾಗಿ ಗೋಪುರದ ಬಳಿಗೆ ಏರಿಬಿಡುವವರು ಉದ್ಯಾನದ ಅರ್ಧ ಸಂಪತ್ತನ್ನು ಬಿಟ್ಟು ಬಂದಂತೆಯೇ ಸರಿ.

ಬಂಡೆಯ ನೆತ್ತಿಯಲ್ಲಿರುವ ಕಲ್ಲಿನ ಚಿಕ್ಕ ಗೋಪುರವು, ನಗರದ ನಾಲ್ಕು ದಿಕ್ಕುಗಳಲ್ಲಿರುವ ನಾಲ್ಕು ಗೋಪುರಗಳಲ್ಲಿ ಒಂದು. ಉಳಿದವು ಹಲಸೂರು ಕೆರೆಯ ಬಳಿ, ಕೆಂಪಾಂಬುಧಿ ಕೆರೆಯ ಬಳಿ ಮತ್ತು ಮೇಖ್ರಿ ವೃತ್ತದ ಸಮೀಪದಲ್ಲಿವೆ. ಬೆಂಗಳೂರನ್ನು 1537ರಲ್ಲಿ ಕಟ್ಟಿದ ಯಲಹಂಕ ನಾಡಪ್ರಭುಗಳ ಮನೆತನದ ಹೆಸರು ಇವುಗಳಿಗೆ ಸೇರಿಕೊಂಡಿದೆ. ಪೇಟೆಯು ಈ ಗಡಿಯನ್ನು ಎಂದೋ ದಾಟಿ ಹರಡಿರುವುದರಿಂದ, ಒಮ್ಮೆ ಊರಿನ ಅಂಚನ್ನು ತೋರುತ್ತಿದ್ದ ಗೋಪುರವು ಇಂದು ಊರಿನ ನಡುವೆ ನಿಂತಿದೆ.

ಬಂಡೆಯ ಪಕ್ಕದ ನೆಲದಲ್ಲಿ ತೋಟ ಹಾಕಿಸಲು 1760ರಲ್ಲಿ ಮೊದಲು ಮಾಡಿದವನು ಹೈದರ್ ಅಲಿ. ಶಿರಾದಲ್ಲಿದ್ದ ಮೊಘಲ್ ಶೈಲಿಯ ತೋಟವು ಅವನಿಗೆ ಮಾದರಿಯಾಯಿತೆಂದು ಹೇಳಲಾಗುತ್ತದೆ. ಮೊದಲಿಗೆ ಸುಮಾರು 40 ಎಕರೆಗಳಷ್ಟಿದ್ದ ಈ ತೋಟಕ್ಕೆ ಟಿಪ್ಪು ಸುಲ್ತಾನನು ಹೊರದೇಶಗಳಿಂದ ಗಿಡ ಮತ್ತು ಬೀಜಗಳನ್ನು ತರಿಸಿದನು. 1799ರ ನಂತರ ಇದು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳ ಕೈ ಸೇರಿ, ಕೆಲವು ದಶಕಗಳ ಕಾಲ ಒಬ್ಬರಿಂದ ಒಬ್ಬರಿಗೆ ಹೋಗಿ, ಕೊನೆಗೆ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಗಿ ಸ್ಥಿರಗೊಂಡಿತು. ಸಸ್ಯೋದ್ಯಾನವೆಂಬುದು ವಿಹಾರದ ತೋಟಕ್ಕಿಂತ ಬೇರೆ ಬಗೆಯ ಸಂಸ್ಥೆ: ಗಿಡಗಳಿಗೆ ಹೆಸರು ಗುರುತಿಸಿ ವರ್ಗವಾರು ಬೆಳೆಸುವುದು, ಪರದೇಶದ ತಳಿಗಳು ಇಲ್ಲಿನ ಹವೆಗೆ ಒಗ್ಗುತ್ತವೆಯೇ ಎಂದು ಪರೀಕ್ಷಿಸುವುದು, ಒಗ್ಗಿದವನ್ನು ರೈತರಿಗೂ ಇತರ ತೋಟಗಳಿಗೂ ಹಂಚುವುದು ಅದರ ಕೆಲಸ. ಈ ಕೆಲಸಕ್ಕೆಂದು ಲಂಡನ್ನಿನ ಕ್ಯೂ ಉದ್ಯಾನದಲ್ಲಿ ತರಬೇತಾದವರನ್ನು ಕರೆಸಿಕೊಳ್ಳುವ ಪದ್ಧತಿ ಬೆಳೆಯಿತು. ವಿಲಿಯಂ ನ್ಯೂ ಮತ್ತು ಅವರ ಬಳಿಕ 1874ರಿಂದ 1908ರವರೆಗೆ ಸೂಪರಿಂಟೆಂಡೆಂಟ್ ಆಗಿದ್ದ ಜಾನ್ ಕ್ಯಾಮರಾನ್ ಆ ಸಾಲಿನವರು. ಇಂದು ಕನ್ನಡನಾಡಿನ ಸಂತೆಗಳಲ್ಲಿ ಸಾಮಾನ್ಯವಾಗಿರುವ ಸೀಮೆಬದನೆಕಾಯಿಯನ್ನು ಈ ಸೀಮೆಗೆ ಪರಿಚಯಿಸಿದ ಶ್ರೇಯಸ್ಸು ಕ್ಯಾಮರಾನರಿಗೆ ಸಲ್ಲುತ್ತದೆ.

ಗಾಜಿನ ಮನೆಯನ್ನು ಕಟ್ಟಿಸಿದವರೂ ಕ್ಯಾಮರಾನರೇ. ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ 1889ರ ನವೆಂಬರ್ 30ರಂದು ಇದಕ್ಕೆ ಅಡಿಗಲ್ಲು ಹಾಕಿದನು. ಇದರ ಮಾದರಿಯೆಂದು ಹೇಳಲಾಗುವ ಲಂಡನ್ನಿನ ‘ಕ್ರಿಸ್ಟಲ್ ಪ್ಯಾಲೇಸ್’, ಅಂದರೆ ಸ್ಫಟಿಕ ಸೌಧ, 1851ರ ಮಹಾಪ್ರದರ್ಶನಕ್ಕಾಗಿ ಹೈಡ್ ಪಾರ್ಕ್ ಎಂಬ ಉದ್ಯಾನದಲ್ಲಿ ಎದ್ದು ನಿಂತದ್ದು. ಅದನ್ನು ರೂಪಿಸಿದ ಜೋಸೆಫ್ ಪ್ಯಾಕ್ಸ್‌ಟನ್ ತೋಟಗಾರಿಕೆಯಿಂದ ಮೇಲೆ ಬಂದವನಾಗಿದ್ದು, ಕಟ್ಟಡಶಾಸ್ತ್ರವನ್ನು ಶಾಲೆಯಲ್ಲಿ ಕಲಿತವನಲ್ಲ. ಚ್ಯಾಟ್ಸ್‌ವರ್ತ್ ಎಂಬ ಬಂಗಲೆಯ ತೋಟದಲ್ಲಿ ದಕ್ಷಿಣ ಅಮೆರಿಕದ ದೈತ್ಯ ನೈದಿಲೆಯನ್ನು ಬೆಳೆಸಲು ಗಾಜಿನ ಮನೆ ಕಟ್ಟುತ್ತಾ, ಅದರ ಎಲೆಯ ಅಡಿಯಲ್ಲಿ ಹಬ್ಬಿದ ನರಗಳ ಜಾಲವು ಭಾರ ಹೊರುವ ರೀತಿಯನ್ನು ಗಮನಿಸಿ, ತೆಳುವಾದ ಕಬ್ಬಿಣದ ಪಟ್ಟಿಗಳ ಜಾಲದ ಮೇಲೆ ಗಾಜನ್ನು ನಿಲ್ಲಿಸುವ ವಿಧಾನವನ್ನು ಕಂಡುಕೊಂಡನು. ಆದ್ದರಿಂದ ಗಾಜಿನ ಮನೆಯ ವಂಶವನ್ನು ಅರಮನೆಗಳಲ್ಲಿ ಹುಡುಕದೆ ತೋಟಗಾರನ ಕೈಕೆಲಸದಲ್ಲಿ ಹುಡುಕುವುದೇ ಯುಕ್ತ. ಲಾಲ್‌ಬಾಗಿನಲ್ಲಿ ಅದನ್ನು ಕಟ್ಟಿಸಿದವನೂ ತೋಟಗಾರನೇ ಎಂಬುದನ್ನು ಇಲ್ಲಿ ನೆನೆಯಬೇಕು.

ಈ ಕಟ್ಟಡಗಳ ಗುಟ್ಟು ಎರಕದಲ್ಲಿದೆ. ಎರಕದ ಕಬ್ಬಿಣವೆಂದರೆ ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದು ಆರಿಸಿ ತೆಗೆದದ್ದು. ಒಮ್ಮೆ ಅಚ್ಚು ಸಿದ್ಧವಾದರೆ ಒಂದೇ ಅಳತೆಯ ಕಂಬ, ಕಮಾನು, ಜಾಲರಿಗಳನ್ನು ಎಷ್ಟು ಬೇಕಾದರೂ ಎರೆಯಬಹುದು, ಬಳ್ಳಿ ಹೂವುಗಳ ಅಲಂಕಾರವೂ ಅಚ್ಚಿನಲ್ಲಿಯೇ ಬರುತ್ತದೆ. ಬಿಡಿಭಾಗಗಳನ್ನು ಹಡಗಿನಲ್ಲಿ ಸಾಗಿಸಿ, ಬೇಕಾದ ಕಡೆ ಬೋಲ್ಟ್ ಹಾಕಿ ಜೋಡಿಸಿದರೆ ಕಟ್ಟಡ ನಿಲ್ಲುತ್ತದೆ. ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫಾರ್ಲೇನ್ ಎಂಬಾತನ ಸ್ಯಾರಸೆನ್ ಎರಕದ ಕಾರ್ಖಾನೆ ಈ ಉದ್ಯಮದಲ್ಲಿ ಹೆಸರಾಗಿತ್ತು, ಲಾಲ್‌ಬಾಗಿನ ಮೂಲ ಕಟ್ಟಡದ ಕಬ್ಬಿಣ ಬಂದದ್ದು ಅಲ್ಲಿಂದಲೇ. ಎರಕದ ಕಬ್ಬಿಣ ಒತ್ತುವ ಭಾರವನ್ನು ಚೆನ್ನಾಗಿ ಹೊರುತ್ತದೆ, ಎಳೆಯುವ ಬಲಕ್ಕೆ ಮುರಿಯುತ್ತದೆ. ಆ ಕಾರಣದಿಂದಲೇ ಇಂಥ ಮನೆಗಳಲ್ಲಿ ಕಂಬ ಕಮಾನುಗಳಿಗೆ ಅಷ್ಟು ಪ್ರಾಧಾನ್ಯ. ಗಾಜಿನ ಮನೆಯೊಳಗೆ ಕಂಬಗಳ ಸಾಲಿನ ಉದ್ದಕ್ಕೆ ನಿಂತು ಮೇಲೆ ನೋಡಿದರೆ ಭಾರವು ಮಾಡಿನಿಂದ ಕಮಾನಿಗೆ, ಕಮಾನಿನಿಂದ ಕಂಬಕ್ಕೆ, ಕಂಬದಿಂದ ನೆಲಕ್ಕೆ ಇಳಿಯುವ ಕ್ರಮ ಸ್ಪಷ್ಟವಾಗಿ ತಿಳಿಯುತ್ತದೆ.

ಕ್ಯಾಮರಾನರ ನಂತರ 1908ರಲ್ಲಿ ಬಂದ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಜರ್ಮನಿಯ ಡ್ರೆಸ್ಡನ್ ಸಮೀಪದವರು. ಲಂಡನ್ನಿನ ಹೈಡ್ ಪಾರ್ಕ್ ಮತ್ತು ಕ್ಯೂ ಉದ್ಯಾನಗಳಲ್ಲಿ ಕೆಲಸ ಮಾಡಿ, ಬರೋಡೆಯ ಮಹಾರಾಜರ ಸೇವೆಯ ಮೂಲಕ ಭಾರತಕ್ಕೆ ಬಂದವರು. ವರ್ಷದ ಯಾವ ತಿಂಗಳಲ್ಲಿಯೂ ಯಾವುದಾದರೊಂದು ಸಾಲುಮರ ಹೂಬಿಟ್ಟಿರುವಂತೆ ಬೇರೆಬೇರೆ ಕಾಲಗಳಲ್ಲಿ ಅರಳುವ ಮರಗಳನ್ನು ಆರಿಸಿ ಬೆಂಗಳೂರಿನ ರಸ್ತೆಗಳಲ್ಲಿ ನೆಡಿಸಿದ ಯೋಜನೆ ಅವರದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಪ್ರಜೆಯೆಂಬ ಕಾರಣಕ್ಕೆ ಬಂಧನವನ್ನು ಅನುಭವಿಸಿದರೂ ಅವರು ಈ ನೆಲವನ್ನು ಬಿಡದೆ, 1956ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಅವರ ಬಗ್ಗೆ ಪ್ರತ್ಯೇಕವಾಗಿಯೇ ಬರೆಯಬೇಕಾದಷ್ಟಿದೆ.

1932ರಲ್ಲಿ ಕ್ರುಂಬಿಗಲ್ಲರ ಸ್ಥಾನಕ್ಕೆ ಬಂದವರು ಎಚ್. ಸಿ. ಜವರಾಯ. ಯುರೋಪಿನವರ ಕೈಯಲ್ಲಿ ಸಾಗಿಬಂದ ಉದ್ಯಾನದ ಆಡಳಿತವು ಅವರೊಂದಿಗೆ ಈ ನಾಡಿನವರ ಕೈಗೆ ಬಂತು. ಅವರ ಕಾಲದಲ್ಲಿ, 1935ರಲ್ಲಿ, ಗಾಜಿನ ಮನೆಯನ್ನು ಪೂರ್ವದ ಕಡೆಗೆ ವಿಸ್ತರಿಸಿದಾಗ ಅದಕ್ಕೆ ಬೇಕಾದ ಕಬ್ಬಿಣ ಗ್ಲಾಸ್ಗೋದಿಂದ ಬರಲಿಲ್ಲ. ಭದ್ರಾವತಿಯ ಮೈಸೂರು ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯಿಂದ ಬಂತು. ಮೂಲ ಕಟ್ಟಡಕ್ಕೂ ಈ ವಿಸ್ತರಣೆಗೂ ನಡುವೆ ಇರುವ ಅಂತರ ಅರ್ಧ ಶತಮಾನಕ್ಕಿಂತ ಕಡಿಮೆ. ಅಷ್ಟರೊಳಗೆ ಮೈಸೂರು ಸಂಸ್ಥಾನವು ತನ್ನ ಸಸ್ಯೋದ್ಯಾನದ ಕಂಬಗಳನ್ನು ತಾನೇ ಒದಗಿಸಿಕೊಳ್ಳುವಷ್ಟು ಬಲಿತಿತ್ತು. ಲಾಲ್‌ಬಾಗಿನ ಚರಿತ್ರೆಯಲ್ಲಿ ಇದಕ್ಕಿಂತ ಹೆಮ್ಮೆಯ ಸಂಗತಿ ಇನ್ನೊಂದಿಲ್ಲವೆಂದೇ ಹೇಳಬೇಕು.

ಹಿಂದೆ ಬೆಂಕಿಪುರವೆಂಬ ಹೆಸರಿದ್ದ ಭದ್ರಾವತಿಯಲ್ಲಿ ಕಾರ್ಖಾನೆಯ ಕೆಲಸ 1918ರಲ್ಲಿ ಆರಂಭವಾಗಿ, 1923ರ ಜನವರಿಯಲ್ಲಿ ಕುಲುಮೆಯಿಂದ ಕಬ್ಬಿಣ ಹೊರಬಂತು. ದಿವಾನಗಿರಿಯನ್ನು ಬಿಟ್ಟಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಅದೇ ವರ್ಷ ಅದರ ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿ 1929ರವರೆಗೆ ಅದನ್ನು ನಡೆಸಿದರು. ಅದಿರಿನಿಂದ ಕಬ್ಬಿಣವನ್ನು ಬೇರ್ಪಡಿಸಲು ಇಂಗಾಲ ಬೇಕು. ಬೇರೆ ಕಡೆಗಳಲ್ಲಿ ಕಲ್ಲಿದ್ದಲಿನಿಂದ ಮಾಡಿದ ಕೋಕ್ ಬಳಕೆಯಲ್ಲಿದ್ದರೆ, ಕಲ್ಲಿದ್ದಲಿಲ್ಲದ ಈ ಸೀಮೆಯಲ್ಲಿ ಮಲೆನಾಡಿನ ಕಾಡುಗಳ ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡಿ, ಹೊರಡುವ ಆವಿಯಿಂದ ಮರದ ಮದ್ಯಸಾರ ಮುಂತಾದ ರಾಸಾಯನಿಕಗಳನ್ನೂ ಪಡೆಯುವ ಏರ್ಪಾಡು ಮಾಡಲಾಯಿತು. ಈ ಕಾರಣದಿಂದಲೇ ಕಾರ್ಖಾನೆಯ ಮೊದಲ ಹೆಸರಿನಲ್ಲಿ ಮರ ಬಟ್ಟಿ ಇಳಿಸುವ ಕೆಲಸವೂ ಕಬ್ಬಿಣದ ಜೊತೆಗೆ ಸೇರಿತ್ತು. ಇದ್ದಿಲಿನಲ್ಲಿ ಗಂಧಕ ಬಹಳ ಕಡಿಮೆಯಾದ್ದರಿಂದ ಅದರಿಂದ ಬಂದ ಕಬ್ಬಿಣ ಶುದ್ಧವಾಗಿರುತ್ತಿತ್ತು, ಎರಕಕ್ಕೂ ಹೇಳಿ ಮಾಡಿಸಿದಂತಿತ್ತು. ಆದರೆ ಕುಲುಮೆಗೆ ಕಾಡು ತೆತ್ತ ಬೆಲೆ ಸಣ್ಣದಲ್ಲ, ಈ ಮಾತನ್ನು ಮರೆಮಾಚಿ ಕಾರ್ಖಾನೆಯ ಹಿರಿಮೆಯನ್ನು ಬರೆಯುವುದು ನ್ಯಾಯವಲ್ಲ. ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದ ಈ ಸಂಸ್ಥೆ 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಆಶ್ರಯಕ್ಕೆ ಬಂತು.

ಕಾರ್ಖಾನೆಗೆ ಅದಿರು ಬರುತ್ತಿದ್ದುದು ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ. ಬೆಟ್ಟದ ನೆತ್ತಿಯಲ್ಲಿ ತೋಡಿದ ಅದಿರನ್ನು ಕಂಬದಿಂದ ಕಂಬಕ್ಕೆ ಬಿಗಿದ ತಂತಿಯ ಮೇಲೆ ತೊಟ್ಟಿಗಳು ಚಲಿಸುವ ರೋಪ್‌ವೇ ಮೂಲಕ ಕೆಳಗಿಳಿಸಿ, ಅಲ್ಲಿಂದ ಭದ್ರಾವತಿಗೆ ಸಾಗಿಸಲಾಗುತ್ತಿತ್ತು. ಇಲ್ಲಿ ಭೂವಿಜ್ಞಾನವು ಲಾಲ್‌ಬಾಗನ್ನೂ ಈ ಬೆಟ್ಟವನ್ನೂ ಇನ್ನಷ್ಟು ಹತ್ತಿರಕ್ಕೆ ತರುತ್ತದೆ. ಬಾಬಾಬುಡನ್ ಶ್ರೇಣಿಯ ಶಿಲಾಪದರಗಳು ನೈಸ್ ಶಿಲೆಯ ಹಳೆಯ ತಳಹದಿಯ ಮೇಲೆ ಅನಂತರ ಶೇಖರವಾದವು. ಪುರಾತನ ಸಮುದ್ರಗಳ ನೀರಿನಲ್ಲಿ ಕರಗಿದ್ದ ಕಬ್ಬಿಣವು ಸಿಲಿಕದೊಂದಿಗೆ ಪದರಪದರವಾಗಿ ತಳಕ್ಕಿಳಿದು ಗಟ್ಟಿಯಾದದ್ದೇ ಇಲ್ಲಿನ ಅದಿರಿನ ಮೂಲ. ಲಾಲ್‌ಬಾಗಿನ ಗುಡ್ಡದಲ್ಲಿ ಆ ತಳಹದಿಯ ಜಾತಿಯ ಶಿಲೆ ಬಯಲಾಗಿ ನಿಂತಿದೆ. ಅದರ ಬುಡದಲ್ಲಿರುವ ಗಾಜಿನ ಮನೆಯ ಪೂರ್ವ ಭಾಗದಲ್ಲಿ ಭದ್ರಾವತಿಯ ಕಬ್ಬಿಣವಿದೆ.

ಮಾದರಿಯೆನಿಸಿದ ಲಂಡನ್ನಿನ ಸೌಧ ಈಗ ಇಲ್ಲ. ಪ್ರದರ್ಶನ ಮುಗಿದ ಮೇಲೆ ಅದನ್ನು ಬಿಚ್ಚಿ, ನಗರದ ದಕ್ಷಿಣದ ಸಿಡನ್‌ಹ್ಯಾಮ್ ಗುಡ್ಡದ ಮೇಲೆ ಇನ್ನೂ ದೊಡ್ಡದಾಗಿ ಜೋಡಿಸಿ, 1854ರಲ್ಲಿ ಸುತ್ತಲಿನ ವಿಶಾಲ ಉದ್ಯಾನದೊಂದಿಗೆ ಜನರಿಗೆ ತೆರೆದಿದ್ದರು; 1936ರ ನವೆಂಬರ್ 30ರ ರಾತ್ರಿ ಅದು ಬೆಂಕಿಗೆ ಆಹುತಿಯಾಯಿತು. ಇಂದು ಆ ಗುಡ್ಡಕ್ಕೆ ಹೋಗುವವರು ಮೆಟ್ಟಿಲು, ಜಗಲಿಗಳ ಅವಶೇಷಗಳನ್ನು ನೋಡಿ ಕಟ್ಟಡವನ್ನು ಊಹಿಸಿಕೊಳ್ಳಬೇಕು. ಲಾಲ್‌ಬಾಗಿನ ಗಾಜಿನ ಮನೆಯಾದರೋ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವಗಳ ಫಲಪುಷ್ಪ ಪ್ರದರ್ಶನಗಳಿಗೆ ವರ್ಷಕ್ಕೆರಡು ಬಾರಿ ತುಂಬಿ ತುಳುಕುತ್ತದೆ. ಆದರೆ ಆ ದಿನಗಳಲ್ಲಿ ಹೂವಿನ ರಾಶಿಯೂ ಜನಸಂದಣಿಯೂ ಕಟ್ಟಡವನ್ನೇ ಮರೆಮಾಡುವುದರಿಂದ, ಕಬ್ಬಿಣದ ಕೆಲಸವನ್ನು ನೋಡಬಯಸುವವರು ಪ್ರದರ್ಶನವಿಲ್ಲದ ವಾರದ ದಿನದ ಬೆಳಗನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಶಿವಮೊಗ್ಗ ಅಥವಾ ಭದ್ರಾವತಿಯಿಂದ ರೈಲಿನಲ್ಲಿ ಯಶವಂತಪುರಕ್ಕೋ ಬೆಂಗಳೂರು ನಗರ ನಿಲ್ದಾಣಕ್ಕೋ ತಲಪಿದವರಿಗೆ ಮೆಟ್ರೊದ ಹಸಿರು ಮಾರ್ಗದಲ್ಲಿ ಲಾಲ್‌ಬಾಗ್ ಹೆಸರಿನದೇ ನಿಲ್ದಾಣವಿದೆ. ಸುಮಾರು 240 ಎಕರೆಗಳ ಉದ್ಯಾನವನ್ನು ಬಿಸಿಲೇರುವ ಮೊದಲು ಬಂಡೆಯಿಂದ ಆರಂಭಿಸಿ, ಅನಂತರ ಗಾಜಿನ ಮನೆ, ಬೃಹತ್ತಾದ ಬಿಳಿಬೂರುಗದ ಮರ, ಕೆರೆಯ ದಂಡೆ ಎಂಬ ಕ್ರಮದಲ್ಲಿ ನೋಡಿದರೆ ಬಂಡೆಯ ಮೇಲಿನ ಕಾವು ತಟ್ಟುವುದಿಲ್ಲ. ಬಿಳಿಬೂರುಗದ ಬುಡದ ಹಲಗೆಯಂಥ ಬೇರುಗಳು ಆಳೆತ್ತರಕ್ಕೆ ಎದ್ದಿರುವುದನ್ನು ಮಕ್ಕಳಿಗೆ ತೋರಿಸಲೇಬೇಕು.

ಬೆಂಗಳೂರಿನವರೆಗೆ ಹೋಗಲಾಗದವರಿಗೆ ಕೆಮ್ಮಣ್ಣುಗುಂಡಿಯೇ ಹತ್ತಿರ. ನಾಲ್ವಡಿ ಕೃಷ್ಣರಾಜ ಒಡೆಯರ ನೆಚ್ಚಿನ ಬೇಸಿಗೆಯ ತಾಣವಾಗಿದ್ದು ಅವರ ಹೆಸರಿನಲ್ಲಿಯೇ ಕೃಷ್ಣರಾಜೇಂದ್ರ ಗಿರಿಧಾಮವೆನಿಸಿದ, ಸಮುದ್ರಮಟ್ಟದಿಂದ 1434 ಮೀಟರ್ ಎತ್ತರದ ಈ ಬೆಟ್ಟದ ತೋಟವನ್ನು ನೋಡಿಕೊಳ್ಳುತ್ತಿರುವುದು ತೋಟಗಾರಿಕೆ ಇಲಾಖೆ. ಆ ಇಲಾಖೆಯ ಕೇಂದ್ರ ಕಚೇರಿ ಇರುವುದು ಲಾಲ್‌ಬಾಗಿನಲ್ಲಿ. ಗಣಿಯ ಕೆಲಸ ನಿಂತುಹೋಗಿರುವ ಬೆಟ್ಟದಲ್ಲಿ ಗುಲಾಬಿ ತೋಟ, ಶಿಲಾ ಉದ್ಯಾನ, ರಾಜಭವನ ಮತ್ತು ಕಣಿವೆಯ ಅಂಚಿನ ಕಾಲುದಾರಿಗಳಿವೆ. ತರೀಕೆರೆ ಮಾರ್ಗವಾಗಿ ಲಿಂಗದಹಳ್ಳಿ ದಾಟಿ ಘಟ್ಟವನ್ನೇರುವಾಗ ರಸ್ತೆಯ ಬದಿಯ ಕಡಿತಗಳಲ್ಲಿ ಕಾಣುವ ಕೆಂಪು ಮಣ್ಣು, ಕುಲುಮೆಗೆ ಹೋದ ಅದಿರು ಎಂಥ ನೆಲದ್ದೆಂಬುದನ್ನು ತೋರಿಸಿಕೊಡುತ್ತದೆ. ಮಳೆಗಾಲದ ತಿಂಗಳುಗಳಲ್ಲಿ ದಾರಿ ಮಂಜು ಮುಸುಕಿ ಜಾರುವುದರಿಂದ, ಅಕ್ಟೋಬರಿನಿಂದ ಮಾರ್ಚಿನವರೆಗಿನ ದಿನಗಳು ಈ ಭೇಟಿಗೆ ಅನುಕೂಲ.