ವಕೀಲರು ಕಾಣೆಯಾದರೆ ಗುಮಾಸ್ತನನ್ನು ಕೇಳಿ

ಪತ್ತೇದಾರಿ ಕಾದಂಬರಿಯಲ್ಲಿ ವಕೀಲನೊಬ್ಬ ಕಾಣೆಯಾದರೆ ಜೊತೆಗಾರ ವಕೀಲ ಹುಡುಕಲು ಹೊರಡುತ್ತಾನೆ. ಬೀರು ಒಡೆಯುತ್ತಾನೆ, ಫೈಲು ಕೆದಕುತ್ತಾನೆ, ಅಪರಾತ್ರಿಯಲ್ಲಿ ಯಾರನ್ನೋ ಬೆನ್ನಟ್ಟುತ್ತಾನೆ. ಆಫೀಸಿನ ಮೂಲೆಯಲ್ಲಿ ಕೂತ ಗುಮಾಸ್ತನನ್ನು ಮಾತ್ರ ಯಾರೂ ಮಾತಾಡಿಸುವುದಿಲ್ಲ. ಹಿರಿಯೂರಿನಲ್ಲಿ ವಕೀಲರ ಗುಮಾಸ್ತಿಕೆ ಮಾಡುತ್ತಲೇ ತಲೆ ನರೆತ ನನಗೆ ಇದು ಸರಿ ಕಾಣುವುದಿಲ್ಲ. ನಮ್ಮ ಸಾಹೇಬರು ನಾಳೆ ಎಲ್ಲಿರುತ್ತಾರೆ ಎಂಬುದು ಅವರ ಮನೆಯವರಿಗಿಂತ ಮೊದಲು ನನಗೆ ಗೊತ್ತು.

ಅದಕ್ಕೆ ಕಾರಣ ಕೇಸ್ ಡೈರಿ. ಒಂದು ದಿನದ ಪುಟ ಹೀಗಿರುತ್ತದೆ: ಹೊಸದುರ್ಗ, ತೆಂಗಿನ ತೋಟದ ದಾರಿ ತಕರಾರು, ಪಾಟೀಸವಾಲಿಗೆ. ಹೊಳಲ್ಕೆರೆ, ಅಡಿಕೆ ತೋಟದ ಪಾಲುವಿಭಾಗ, ಕಮಿಷನರ್ ವರದಿಗೆ. ಚಿತ್ರದುರ್ಗ ಜಿಲ್ಲಾ ಕೋರ್ಟು, ಅಪೀಲು, ವಾದಕ್ಕೆ. ಸಂಜೆ ಪ್ರತಿ ಕೇಸಿನ ಮುಂದೆ ಮುಂದಿನ ವಾಯಿದೆ ಬರೆಯುತ್ತೇನೆ. ಸಾಹೇಬರು ಹೊಸದುರ್ಗದಲ್ಲಿ ಹಾಜರಾಗಿ ಹೊಳಲ್ಕೆರೆಯಲ್ಲಿ ಕೇಸು ಕೂಗಿದಾಗ ಇಲ್ಲವೆಂದರೆ, ಅವರು ಎಲ್ಲಿಂದಾಚೆ ಕಾಣೆಯಾದರು ಎಂಬುದನ್ನು ಡೈರಿಯೇ ಹೇಳುತ್ತದೆ. ತನಿಖೆಯಲ್ಲಿ ಮೊದಲು ಎದ್ದೇಳುವ ಪ್ರಶ್ನೆಯೂ ಅದೇ: ಕೊನೆಗೆ ಕಂಡವರು ಯಾರು, ಎಲ್ಲಿ, ಎಷ್ಟು ಹೊತ್ತಿಗೆ?

ಇದೇನೂ ಬರೀ ಕಥೆಯಲ್ಲ. 1987ರಲ್ಲಿ ಕೇರಳದ ವಕೀಲ ರಶೀದ್ ಕಕ್ಷಿದಾರರ ಕೆಲಸದ ಮೇಲೆ ಬೆಂಗಳೂರಿಗೆ ಬಂದು ಕಾಣೆಯಾದರು. ಅವರ ಶವ ಸಿಕ್ಕಿದ್ದು ತಮಿಳುನಾಡಿನ ಸೇಲಂ ಕಡೆಯ ರೈಲು ಹಳಿಯ ಬಳಿ. ಬಂದ ವಕೀಲ ಒಂದು ರಾಜ್ಯದವರು, ಕಾಣೆಯಾದದ್ದು ಇನ್ನೊಂದರಲ್ಲಿ, ಹೆಣ ಸಿಕ್ಕಿದ್ದು ಮತ್ತೊಂದರಲ್ಲಿ. ತನಿಖೆ ಸಿಬಿಐಗೆ ಹೋಯಿತು. ಪೊಲೀಸ್ ಅಧಿಕಾರಿಗಳೂ ಆರೋಪಿಗಳಾದರು. ಗೃಹ ಸಚಿವರಾಗಿದ್ದ ಆರ್.ಎಲ್. ಜಾಲಪ್ಪ ರಾಜೀನಾಮೆ ಕೊಡಬೇಕಾಯಿತು. ಮುಂದೆ ಅವರು ಆರೋಪಮುಕ್ತರಾದರು. ಆಗ ಕೋರ್ಟಿನ ಆವರಣದ ಚಹಾ ಅಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ.

ನಮ್ಮ ಜಿಲ್ಲೆಯಲ್ಲೂ ಹಳಿಗಳಿಗೆ ಕೊರತೆಯಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ನೇ ಇದೆ. ಹಳಿಯ ಪಕ್ಕ ಗುರುತು ಸಿಗದ ಶವ ಕಂಡರೆ ಮೊದಲು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ದಾಖಲಾಗುತ್ತದೆ. ಇತ್ತ ಊರಿನ ಠಾಣೆಯಲ್ಲಿ ಕಾಣೆಯಾದವರ ದೂರು ಇರುತ್ತದೆ. ಎರಡು ಠಾಣೆಯ ಕಾಗದಗಳು ಒಂದಕ್ಕೊಂದು ಸೇರಿದ ಮೇಲೆಯೇ ಹೆಣಕ್ಕೊಂದು ಹೆಸರು. ಹಾಗಾಗಿ ಒಂದು ದಿನ ಕಾಯೋಣ, ಎರಡು ದಿನ ನೋಡೋಣ ಎನ್ನಬಾರದು. ಅಪರಾಧದ ಗುಮಾನಿ ಇದ್ದರೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಸರಹದ್ದಿನ ನೆಪ ಹೇಳಿ ವಾಪಸ್ ಕಳಿಸುವಂತಿಲ್ಲ. ಯಾರೋ ಹಿಡಿದಿಟ್ಟಿದ್ದಾರೆ ಎನಿಸಿದರೆ ಸಂವಿಧಾನದ 226ನೇ ವಿಧಿಯಡಿ ಹೇಬಿಯಸ್ ಕಾರ್ಪಸ್ ಅರ್ಜಿ ಇದೆ. ಅದನ್ನು ಹಾಕಲು ರಕ್ತಸಂಬಂಧವೇ ಬೇಕಿಲ್ಲ, ಜೊತೆಗಾರ ವಕೀಲರೂ ಹಾಕಬಹುದು. ನಮ್ಮ ಜಿಲ್ಲೆಯವರು ಅದಕ್ಕೆ ಬೆಂಗಳೂರಿನ ಹೈಕೋರ್ಟಿಗೇ ಹೋಗಬೇಕು.

ಇಷ್ಟರಲ್ಲಿ ಪೊಲೀಸರು ನಮ್ಮ ಆಫೀಸಿಗೆ ಬರುತ್ತಾರೆ. ಸಾಹೇಬರು ಎಲ್ಲಿ ಹೋಗಿದ್ದರು, ಯಾವ ಕೋರ್ಟಿನಲ್ಲಿ ಕೆಲಸವಿತ್ತು ಎಂಬುದನ್ನು ಧಾರಾಳವಾಗಿ ಹೇಳುತ್ತೇನೆ. ಆದರೆ ಕಕ್ಷಿದಾರ ಬಾಗಿಲು ಹಾಕಿಕೊಂಡು ವಕೀಲರಿಗೆ ಹೇಳಿದ್ದನ್ನು, ಅವನ ಒಪ್ಪಿಗೆ ಇಲ್ಲದೆ, ವಕೀಲರೂ ಹೇಳುವಂತಿಲ್ಲ, ನಾನೂ ಹೇಳುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲೇ ಗುಮಾಸ್ತರ ಹೆಸರು ಹಿಡಿದು ಈ ಕಟ್ಟು ಹಾಕಿದ್ದರು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲೂ ಅದು ಉಳಿದಿದೆ. ಅಪರಾಧ ಮಾಡಲೆಂದೇ ಆಡಿದ ಮಾತಿಗೆ ಮಾತ್ರ ಈ ರಕ್ಷಣೆ ಇಲ್ಲ. ಕಾದಂಬರಿಯ ನಾಯಕ ಫೈಲು ತೆರೆದು ಎಲ್ಲರೆದುರು ಓದಿಬಿಡುತ್ತಾನಲ್ಲ, ನಿಜವಾದ ಕೋರ್ಟಿನಲ್ಲಿ ಮೊದಲ ತಕರಾರು ಏಳುವುದೇ ಅಲ್ಲಿ.

ಕಕ್ಷಿದಾರರ ಗೋಳೇ ಬೇರೆ. ಸಹಿ ಹಾಕಿದ ವಕಾಲತ್ತು ವಕೀಲರು ಕಾಣೆಯಾದ ಮಾತ್ರಕ್ಕೆ ಬಿದ್ದುಹೋಗುವುದಿಲ್ಲ. ಇಬ್ಬರಲ್ಲೊಬ್ಬರು ತೀರಿಕೊಳ್ಳಬೇಕು, ಇಲ್ಲವೇ ಕೇಸು ಮುಗಿಯಬೇಕು, ಇಲ್ಲವೇ ಕೋರ್ಟಿನ ಅನುಮತಿಯಿಂದ ಅದು ಕೊನೆಯಾಗಬೇಕು. ಬೇರೆ ವಕೀಲರನ್ನು ಇಡೋಣವೆಂದರೆ ಹಳಬರ ನೋ ಆಬ್ಜೆಕ್ಷನ್ ಬೇಕು. ಅದನ್ನು ಬರೆದುಕೊಡಲು ಅವರೇ ಇಲ್ಲ. ಆಗ ನ್ಯಾಯಾಧೀಶರಿಗೆ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ಈ ನಡುವೆ ದಾವೆ ಗೈರುಹಾಜರಿಗೆ ವಜಾ ಆಗಿದ್ದರೆ 30 ದಿನದೊಳಗೆ ಮರುಸ್ಥಾಪನೆ ಕೇಳಬೇಕು. ವಕೀಲರ ಗೈರುಹಾಜರಿಗೆ ಏನೂ ಅರಿಯದ ಕಕ್ಷಿದಾರನನ್ನು ಶಿಕ್ಷಿಸಬಾರದು ಎಂದು 1981ರಲ್ಲಿ ರಫೀಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈಗಲೂ ಇಂಥ ಅರ್ಜಿಗಳಿಗೆ ಅದೇ ಆಸರೆ.

ಹೆಣ ಸಿಗದಿದ್ದರೆ ಕೊಲೆ ಕೇಸು ನಿಲ್ಲುವುದಿಲ್ಲ ಎನ್ನುವ ಮಾತು ಕಟ್ಟೆ ಪಂಚಾಯ್ತಿಯದು. ಸಾಂದರ್ಭಿಕ ಸಾಕ್ಷ್ಯ ಗಟ್ಟಿಯಾಗಿದ್ದರೆ ಶವ ಸಿಗಲೇಬೇಕೆಂದಿಲ್ಲ ಎಂದು ಅದೇ 1981ರಲ್ಲಿ ರಾಮಾನಂದ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಏನೂ ಸುಳಿವು ಸಿಗದೆ ಏಳು ವರ್ಷ ಕಳೆದರೆ ಮಾತ್ರ, ಸುದ್ದಿ ತಿಳಿಯಬೇಕಾದವರಿಗೂ ತಿಳಿದಿಲ್ಲವಾದರೆ, ಕಾನೂನು ಆ ಮನುಷ್ಯ ಸತ್ತಿದ್ದಾನೆಂದು ಭಾವಿಸುತ್ತದೆ. ಸತ್ತದ್ದು ಯಾವತ್ತು ಎಂಬುದು ಮಾತ್ರ ಅದರಿಂದ ಸಿದ್ಧವಾಗದು; 2004ರ ಎಲ್‌ಐಸಿ–ಅನುರಾಧಾ ತೀರ್ಪಿನ ಸಾರ ಇದು. ಮನೆಯವರು ವಿಮೆಯ ಕಂತು ನಿಲ್ಲಿಸಬಾರದು ಎನ್ನುವುದು ಅದಕ್ಕೇ.

ನಾನು ಕಕ್ಷಿದಾರರಿಗೆ ಹೇಳುವುದಿಷ್ಟು: ವಕೀಲರನ್ನು ನಂಬಿ, ಆದರೆ ಕೇಸಿನ ನಂಬರ್ ನಿಮ್ಮ ಹತ್ತಿರವೂ ಇರಲಿ. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಇರುತ್ತದೆ. ಇ-ಕೋರ್ಟ್ಸ್ ಆಪಿನಲ್ಲಿ ಅದನ್ನು ಹಾಕಿದರೆ ಮುಂದಿನ ವಾಯಿದೆ ಯಾವತ್ತೆಂದು ಮೊಬೈಲಿನಲ್ಲೇ ಕಾಣುತ್ತದೆ. ಅಸಲು ಕ್ರಯಪತ್ರ ನಮಗೆ ಕೊಟ್ಟಾಗ ಕೈಬರಹದ ರಸೀದಿ ಕೇಳಿ. ನಾವೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.