ಬದುವನ್ನರಿಯದ ನೊಣ

ಘಟಪ್ರಭೆಯ ನೀರುಂಡು ಬೆಳೆದ ಪೇರಲಹಣ್ಣು ನೋಟಕ್ಕೆ ಚೆಲುವಾಗಿರುತ್ತದೆ. ಸಿಪ್ಪೆ ಹಳದಿಗೆ ತಿರುಗಿ, ಪರಿಮಳವು ಬುಟ್ಟಿಯಿಂದ ಬೀದಿಗೆ ಹರಿದು, ಸಂತೆಗೆ ಬಂದವನನ್ನು ತಾನಾಗಿಯೇ ಕರೆಯುತ್ತದೆ. ಕೊಂಡವನು ಮನೆಗೆ ಹೋಗಿ ಹೋಳು ಮಾಡಿದರೆ, ಒಳಗಿನ ತಿರುಳು ಕೊಳೆತು, ಅನ್ನದ ಅಗುಳಿನಂಥ ಬಿಳಿಯ ಹುಳುಗಳು ಹೊರಳಾಡುವುದನ್ನು ಎಷ್ಟೋ ಸಲ ಕಾಣಬೇಕಾಗುತ್ತದೆ. ಅತ್ತಿಯ ಹಣ್ಣನ್ನು ಬಿಡಿಸಿ ನೋಡಬಾರದೆಂಬ ಮಾತು ನಮ್ಮಲ್ಲಿ ಹಳೆಯದು. ಆ ಮಾತು ಪೇರಲಕ್ಕೂ ಮಾವಿಗೂ ಬಾರೆಹಣ್ಣಿಗೂ ಹಾಗಲಕಾಯಿಗೂ ಸಲ್ಲುವಂತಾದರೆ, ಅದು ಗಾದೆಯಾಗಿ ಉಳಿಯುವುದಿಲ್ಲ. ರೈತನ ವರ್ಷದ ಲೆಕ್ಕವನ್ನೇ ತಲೆಕೆಳಗು ಮಾಡುವ ಸಂಗತಿಯಾಗುತ್ತದೆ.

ಗೋಕಾಕ, ಮೂಡಲಗಿ, ಹುಕ್ಕೇರಿ—ಈ ಮೂರೂ ತಾಲೂಕುಗಳು ಒಂದೇ ನದಿಯ ಮಕ್ಕಳು. ಸಹ್ಯಾದ್ರಿಯಲ್ಲಿ ಹುಟ್ಟಿ ಮೂಡಣಕ್ಕೆ ಹರಿಯುವ ಘಟಪ್ರಭೆಯು ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಜಲಾಶಯವಾಗಿ ನಿಂತು, ಧೂಪದಾಳದ ಒಡ್ಡಿನಿಂದ ಕಾಲುವೆಗಿಳಿದು, ಗೋಕಾಕದ ಬಂಡೆಯ ಮೇಲಿನಿಂದ ಧುಮುಕಿ ಬಯಲಿಗೆ ಸಾಗುತ್ತದೆ. ಮಳೆ ಕಡಿಮೆಯಾದ ಈ ನೆಲಕ್ಕೆ ಕಾಲುವೆ ಹಾಗೂ ಬಾವಿಗಳ ನೀರು ಹಸಿರನ್ನು ತಂದಿತು. ಕಬ್ಬು, ಗೋವಿನಜೋಳಗಳ ನಡುವೆ ಹಣ್ಣಿನ ಗಿಡಗಳೂ ಕಾಯಿಪಲ್ಲೆಯ ಬಳ್ಳಿಗಳೂ ಬೆಳೆದವು. ನೀರು ತಂದ ಸಿರಿಯ ಹಿಂದೆಯೇ ಅದನ್ನು ಉಣ್ಣಬಯಸುವ ಜೀವಿಗಳೂ ಬರುವುದು ಪ್ರಕೃತಿಯ ನಿಯಮ. ಅಂಥ ಜೀವಿಗಳಲ್ಲಿ ಹಣ್ಣಿನ ನೊಣಕ್ಕೆ ಮೊದಲ ಸಾಲಿನಲ್ಲೇ ಸ್ಥಾನವಿದೆ.

ಈ ನೊಣದ ಬಳಗ ದೊಡ್ಡದು. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಲ್ಲಿ ಎಣ್ಣೆಗಾಗಿ ಬೆಳೆಸುವ ಆಲಿವ್ ತೋಪುಗಳನ್ನು ಕಾಡುವುದೂ ಇದೇ ಕುಲದ ಇನ್ನೊಂದು ನೊಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಟಲಿಯ ಕೀಟವಿಜ್ಞಾನಿ ಆಂತೋನಿಯೊ ಬೆರ್ಲೇಸೆಯು ಕಾಕಂಬಿಯ ಸಿಹಿಗೆ ವಿಷ ಬೆರೆಸಿ ಆಲಿವ್ ಗಿಡಗಳ ಮೇಲೆ ಚಿಮುಕಿಸುವ ಉಪಾಯವನ್ನು ಪ್ರಚಾರಕ್ಕೆ ತಂದನು. ಇಡೀ ಗಿಡವನ್ನು ವಿಷದಿಂದ ತೋಯಿಸುವುದರ ಬದಲು ನೊಣವನ್ನೇ ವಿಷದ ಬಳಿಗೆ ಕರೆಯುವುದು ಅವನ ಯುಕ್ತಿಯ ತಿರುಳು. ಆಲಿವ್ ನಮ್ಮ ಬೆಳೆಯಲ್ಲ. ಆದರೆ ಆ ಯುಕ್ತಿಯು ನಮ್ಮ ಪೇರಲ, ಮಾವುಗಳಿಗೂ ಸಲ್ಲುವಂಥದು. ನಮ್ಮ ಕಡೆ ಅದೇ ಕೆಲಸಕ್ಕೆ ಬೆಲ್ಲದ ನೀರು ಒದಗುತ್ತದೆ.

ಶತ್ರುವಿನ ದಿನಚರಿ

ವೈರಿಯನ್ನು ಗೆಲ್ಲಬೇಕಾದವನು ಮೊದಲು ಅವನ ನಡೆಯನ್ನು ಅರಿಯಬೇಕು. ಹಣ್ಣಿನ ನೊಣವು ಗಾತ್ರದಲ್ಲಿ ಮನೆಯ ನೊಣದಷ್ಟೇ ಇದ್ದರೂ, ಮೈಮೇಲಿನ ಹಳದಿಯ ಗೆರೆಗಳಿಂದಲೂ ಸಣ್ಣ ನಡುವಿನಿಂದಲೂ ಕಣಜವನ್ನು ನೆನಪಿಗೆ ತರುತ್ತದೆ. ಹೆಣ್ಣಿನ ಹೊಟ್ಟೆಯ ತುದಿಯಲ್ಲಿ ಸೂಜಿಯಂಥ ಅಂಗವೊಂದಿದೆ. ಬಲಿಯುತ್ತಿರುವ ಹಣ್ಣಿನ ಸಿಪ್ಪೆಯನ್ನು ಅದರಿಂದ ಚುಚ್ಚಿ, ಅಡಿಯಲ್ಲಿ ತತ್ತಿಗಳ ಗೊಂಚಲನ್ನು ಇಡುತ್ತದೆ. ಅನುಕೂಲ ದೊರೆತರೆ ಒಂದು ಹೆಣ್ಣು ತನ್ನ ಜೀವಿತಕಾಲದಲ್ಲಿ ಸಾವಿರಕ್ಕೂ ಮಿಕ್ಕಿ ತತ್ತಿಗಳನ್ನಿಡಬಲ್ಲದು. ಎರಡು ಮೂರು ದಿನಗಳಲ್ಲಿ ಮರಿಹುಳುಗಳು ಹೊರಬಂದು ತಿರುಳನ್ನು ತಿನ್ನತೊಡಗುತ್ತವೆ. ಚುಚ್ಚಿದ ಗಾಯದಿಂದ ಕೊಳೆಯೂ ಒಳಗೆ ಹೊಗುತ್ತದೆ. ಹಣ್ಣು ಅಕಾಲದಲ್ಲಿ ನೆಲಕ್ಕೆ ಬೀಳುತ್ತದೆ. ಬಲಿತ ಹುಳು ಹಣ್ಣಿನಿಂದ ಹೊರಬಿದ್ದು, ಮೈಯನ್ನು ಬಿಲ್ಲಿನಂತೆ ಬಾಗಿಸಿ ಚಿಮ್ಮುತ್ತ ಹೋಗಿ, ಮಣ್ಣಿನಲ್ಲಿ ಕೆಲವೇ ಅಂಗುಲ ಆಳದಲ್ಲಿ ಕೋಶವಾಗಿ ಮಲಗುತ್ತದೆ. ಬೆಚ್ಚಗಿನ ದಿನಗಳಲ್ಲಿ ಒಂದು ವಾರ, ಹತ್ತು ದಿನಗಳೊಳಗೆ ಹೊಸ ನೊಣವಾಗಿ ಮಣ್ಣನ್ನು ಸೀಳಿ ಮೇಲೇಳುತ್ತದೆ.

ಈ ದಿನಚರಿಯನ್ನು ಗಮನವಿಟ್ಟು ನೋಡಿದವರಿಗೆ ಒಂದು ಮಾತು ಹೊಳೆಯದೆ ಇರದು. ತತ್ತಿಯೂ ಹುಳುವೂ ಹಣ್ಣಿನ ಕೋಟೆಯೊಳಗೆ ಸುರಕ್ಷಿತ. ಕೋಶವು ಮಣ್ಣಿನ ಮರೆಯಲ್ಲಿ ಸುರಕ್ಷಿತ. ರೈತನು ಮೇಲಿನಿಂದ ಸಿಂಪಡಿಸುವ ಔಷಧವು ಹಣ್ಣಿನೊಳಗಿನ ಹುಳುವನ್ನು ಹೆಚ್ಚಾಗಿ ಮುಟ್ಟುವುದೇ ಇಲ್ಲ. ಹಣ್ಣು ತಿನ್ನುವವನ ಹೊಟ್ಟೆಯನ್ನು ಮಾತ್ರ ಅದು ತಲುಪೀತು. ಕೊಯ್ಲಿನ ಹೊಸ್ತಿಲಲ್ಲಿ ಪದೇ ಪದೇ ವಿಷ ಹೊಡೆಯುವುದು ಈ ಕಾರಣದಿಂದ ದುಂದೂ ಹೌದು, ಅಪಾಯವೂ ಹೌದು.

ಒಂದು ಕರವಸ್ತ್ರದ ಕಥೆ

ನೊಣದ ದುರ್ಬಲತೆಯೊಂದು ಬೆಳಕಿಗೆ ಬಂದದ್ದು ನಮ್ಮ ದೇಶದಲ್ಲಿಯೇ ಎಂಬುದು ಅನೇಕರಿಗೆ ತಿಳಿಯದು. ಬಿಹಾರದ ಪೂಸಾದಲ್ಲಿದ್ದ ಕೃಷಿ ಸಂಶೋಧನಾಲಯದಲ್ಲಿ ಎಫ್. ಎಂ. ಹೌಲೆಟ್ ಎಂಬ ಆಂಗ್ಲ ಕೀಟವಿಜ್ಞಾನಿಯಿದ್ದನು. ಅಲ್ಲಿಯವರೊಬ್ಬರು ಸೊಳ್ಳೆಗಳ ಕಾಟ ತಪ್ಪಿಸಿಕೊಳ್ಳಲು ಕರವಸ್ತ್ರಕ್ಕೆ ಸಿಟ್ರೊನೆಲ್ಲಾ ಎಂಬ ಹುಲ್ಲಿನೆಣ್ಣೆಯನ್ನು ಸವರಿಕೊಂಡರೆ, ಸೊಳ್ಳೆಗಳ ಬದಲು ನೊಣಗಳು ಬಂದು ಮುತ್ತಿಕೊಂಡವು. ಹೌಲೆಟ್ಟನು ಅವುಗಳನ್ನು ಹಿಡಿದು ಪರೀಕ್ಷಿಸಿದಾಗ ಅವು ಹಣ್ಣಿನ ನೊಣಗಳೆಂದೂ, ಬಂದವೆಲ್ಲ ಗಂಡುಗಳೆಂದೂ ಕಂಡುಬಂತು. 1912ರಲ್ಲಿ ಅವನು ಈ ವಿಚಿತ್ರವನ್ನು ಪ್ರಕಟಿಸಿದನು. ಆ ಎಣ್ಣೆಯೊಳಗಿನ ಯಾವ ದ್ರವ್ಯವು ನೊಣವನ್ನು ಸೆಳೆಯುತ್ತದೆಂದು ಮುಂದೆ ಶೋಧಿಸಿ, 1915ರಲ್ಲಿ ಮೀಥೈಲ್ ಯೂಜಿನಾಲ್ ಎಂಬ ಹೆಸರನ್ನು ಲೋಕದ ಮುಂದಿಟ್ಟನು.

ಈ ದ್ರವ್ಯವು ನಮಗೆ ಅಪರಿಚಿತವೇನೂ ಅಲ್ಲ; ಅಂಗಳದ ತುಳಸಿಯ ಕಂಪಿನಲ್ಲಿಯೂ ಅದರ ಪಾಲಿದೆ. ತುಳಸಿಯ ಎಲೆಯನ್ನು ಜಜ್ಜಿ ಬೋಗುಣಿಯಲ್ಲಿಟ್ಟು ತೋಟದಲ್ಲಿ ನೊಣ ಹಿಡಿಯುವ ಪದ್ಧತಿ ಅದರಿಂದಲೇ ಫಲ ಕೊಡುತ್ತದೆ. ಗಂಡುನೊಣವು ಈ ಕಂಪಿಗೆ ಏಕೆ ಮರುಳಾಗುತ್ತದೆಂಬುದೂ ಸ್ವಾರಸ್ಯದ ವಿಷಯ. ಅದು ಆ ದ್ರವ್ಯವನ್ನು ಹೀರಿ, ಮೈಯೊಳಗೆ ಮಾರ್ಪಡಿಸಿ ಕೂಡಿಟ್ಟುಕೊಂಡು, ಸಂಜೆಯ ಹೊತ್ತು ಹೆಣ್ಣನ್ನು ಒಲಿಸುವ ಸುಗಂಧವಾಗಿ ಹೊರಸೂಸುತ್ತದೆ. ಪ್ರಣಯದ ಈ ಸಾಧನವನ್ನೇ ಮನುಷ್ಯನು ಬೋನನ್ನಾಗಿ ಮಾಡಿದನು. ಮೀಥೈಲ್ ಯೂಜಿನಾಲನ್ನೂ ಸ್ವಲ್ಪ ಕೀಟನಾಶಕವನ್ನೂ ಹೀರಿಕೊಂಡ ಮರದ ತುಣುಕೊಂದನ್ನು ಡಬ್ಬಿಯಲ್ಲಿ ತೂಗುಹಾಕಿದರೆ, ತಿಂಗಳುಗಟ್ಟಲೆ ಗಂಡುನೊಣಗಳು ತಾವಾಗಿ ಬಂದು ಬೀಳುತ್ತವೆ. ಮಾವು, ಪೇರಲಗಳ ನೊಣಕ್ಕೆ ಈ ಸೆಳೆಮದ್ದು. ಹೀರೆ, ಹಾಗಲ, ಸವತೆಗಳನ್ನು ಕಾಡುವ ನೊಣದ ರುಚಿಯೇ ಬೇರೆ, ಅದಕ್ಕೆ ಕ್ಯೂಲೂರ್ ಎಂಬ ಬೇರೊಂದು ಸೆಳೆಮದ್ದು ಬೇಕು. ಒಂದರ ಬೋನನ್ನು ಇನ್ನೊಂದರ ಹೊಲದಲ್ಲಿ ಕಟ್ಟಿ, ನೊಣ ಬೀಳಲಿಲ್ಲವೆಂದು ಶಾಸ್ತ್ರವನ್ನು ದೂರಿ ಪ್ರಯೋಜನವಿಲ್ಲ.

ಬೋನಿನ ಮಿತಿ

ಇಲ್ಲಿಯೇ ಒಂದು ಎಚ್ಚರಿಕೆಯ ಮಾತು ಅವಶ್ಯ. ಬೋನಿಗೆ ಬೀಳುವುದು ಗಂಡು. ಹಣ್ಣನ್ನು ಚುಚ್ಚುವುದು ಹೆಣ್ಣು. ಹತ್ತು ಎಕರೆಯ ನಡುವೆ ಒಬ್ಬನೇ ರೈತನು ತನ್ನ ಒಂದೆಕರೆಯಲ್ಲಿ ಬೋನುಗಳನ್ನು ಕಟ್ಟಿದನೆಂದು ಭಾವಿಸೋಣ. ಡಬ್ಬಿಗಳು ಸತ್ತ ನೊಣಗಳಿಂದ ತುಂಬುತ್ತವೆ, ಅವನಿಗೆ ಸಂತೋಷವಾಗುತ್ತದೆ. ಆದರೆ ನೆರೆಯ ತೋಟಗಳಲ್ಲಿ ಉಳಿದ ಗಂಡುಗಳೊಡನೆ ಕೂಡಿದ ಹೆಣ್ಣುಗಳು ಬದುವನ್ನು ದಾಟಿ ಬಂದು ಅವನ ಹಣ್ಣುಗಳಲ್ಲಿಯೇ ತತ್ತಿಯಿಡುತ್ತವೆ. ಡಬ್ಬಿ ತುಂಬಿದರೂ ಹಣ್ಣು ಉಳಿಯುವುದಿಲ್ಲ. ಅದೇ ಬೋನುಗಳು ಹತ್ತೂ ಎಕರೆಗಳಲ್ಲಿ, ಊರಿನ ಎಲ್ಲ ತೋಟಗಳಲ್ಲಿ, ಒಂದೇ ಕಾಲಕ್ಕೆ ತೂಗಿದರೆ ಹೆಣ್ಣಿಗೆ ಗಂಡು ದೊರೆಯುವುದೇ ದುರ್ಲಭವಾಗಿ ಸಂತತಿ ಕ್ಷೀಣಿಸುತ್ತದೆ. ಉಪಾಯವು ಒಂದೇ, ಒಬ್ಬಂಟಿಗನ ಕೈಯಲ್ಲಿ ಅದು ಬರಿಯ ಲೆಕ್ಕದ ಡಬ್ಬಿ, ಊರಿನ ಕೈಯಲ್ಲಿ ಅದು ಆಯುಧ.

ಜಗತ್ತಿನ ಅನುಭವವೂ ಇದನ್ನೇ ಸಾರುತ್ತದೆ. ಪೆಸಿಫಿಕ್ ಸಾಗರದ ರೋಟಾ ಎಂಬ ಚಿಕ್ಕ ದ್ವೀಪದಲ್ಲಿ 1960ರ ದಶಕದ ಮೊದಲ ವರ್ಷಗಳಲ್ಲಿ, ಸೆಳೆಮದ್ದು ಹಾಗೂ ವಿಷಗಳನ್ನು ಹೀರಿದ ನಾರಿನ ತುಣುಕುಗಳನ್ನು ವಿಮಾನದಿಂದ ಇಡೀ ದ್ವೀಪದ ಮೇಲೆ ಬೀಳಿಸಿ ಅಲ್ಲಿಯ ಹಣ್ಣಿನ ನೊಣವನ್ನು ನಿರ್ಮೂಲ ಮಾಡಿದರು. ಜಪಾನಿನ ಓಕಿನಾವಾ ದ್ವೀಪಗಳಲ್ಲಿ ಬಳ್ಳಿಕಾಯಿಗಳ ನೊಣವನ್ನು ಕಾರ್ಖಾನೆಯಲ್ಲಿ ಸಾಕಿ, ಗ್ಯಾಮಾ ಕಿರಣಗಳಿಂದ ಬಂಜೆಯಾಗಿಸಿ, ವಾರವಾರಕ್ಕೆ ಕೋಟಿಗಟ್ಟಲೆ ಬಿಡುಗಡೆ ಮಾಡಿದರು. ಎರಡು ದಶಕಗಳ ಶ್ರಮದ ಕೊನೆಗೆ, 1993ರಲ್ಲಿ, ಆ ನೊಣ ಅಲ್ಲಿಂದ ಮಾಯವಾಯಿತು. ದ್ವೀಪಕ್ಕೆ ಸುತ್ತಲೂ ಕಡಲಿನ ಕಾವಲಿದೆ; ನಮ್ಮ ಬಯಲಿಗೆ ಅದಿಲ್ಲ. ನೊಣವನ್ನು ಹೆಸರಿಲ್ಲದಂತೆ ಮಾಡುವುದು ನಮಗೆ ಸಾಧ್ಯವಾಗಲಾರದು. ಆದರೆ ಹಾನಿಯು ಸಹಿಸಬಹುದಾದ ಮಟ್ಟಕ್ಕೆ ಇಳಿಯುವಂತೆ ಅದನ್ನು ಹತೋಟಿಯಲ್ಲಿಡುವುದು ಖಂಡಿತ ಸಾಧ್ಯ.

ಬಿದ್ದ ಹಣ್ಣಿನ ಋಣ

ಹತೋಟಿಯ ಮೊದಲ ಮೆಟ್ಟಿಲಿಗೆ ಹಣ ಬೇಡ, ಬಾಗುವ ಬೆನ್ನು ಸಾಕು. ಗಿಡದ ಕೆಳಗೆ ಬಿದ್ದ ಹಣ್ಣನ್ನು ದಿನವೂ, ಕೊನೆಗೆ ಎರಡು ದಿನಕ್ಕೊಮ್ಮೆಯಾದರೂ, ಆರಿಸಿ ತೆಗೆಯಬೇಕು. ಅದನ್ನು ತಿಪ್ಪೆಗೆ ಎಸೆದರೆ ಏನೂ ಮಾಡಿದಂತಾಗಲಿಲ್ಲ. ಹುಳು ತಿಪ್ಪೆಯ ಮಣ್ಣಿನಲ್ಲಿಯೇ ಕೋಶವಾಗುತ್ತದೆ. ಎರಡಡಿ ಆಳದ ಕುಣಿಯಲ್ಲಿ ಹಾಕಿ ಮಣ್ಣು ತುಳಿದು ಮುಚ್ಚಬೇಕು, ಇಲ್ಲವೆ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗೆ ಒಡ್ಡಬೇಕು. ಗಿಡದ ಬುಡದ ಮಣ್ಣನ್ನು ಆಗಾಗ ಕೆದಕಿದರೆ ಕೋಶಗಳು ಮೇಲೆ ಬಂದು ಬಿಸಿಲಿಗೂ ಹಕ್ಕಿ, ಇರುವೆಗಳಿಗೂ ಆಹುತಿಯಾಗುತ್ತವೆ. ಬಲಿತ ಹಣ್ಣನ್ನು ಗಿಡದಲ್ಲಿಯೇ ಪೂರ್ತಿ ಮಾಗಲು ಬಿಡದೆ ಸಕಾಲದಲ್ಲಿ ಕೊಯ್ಯಬೇಕು. ಮನೆಯ ಹಿತ್ತಿಲಿನ ನಾಲ್ಕು ಗಿಡಗಳಾದರೆ ಕಾಯಿಗೆ ಕಾಗದದ ಅಥವಾ ಬಟ್ಟೆಯ ಚೀಲ ತೊಡಿಸಿದರೂ ಸಾಕು. ನೊಣದ ಸೂಜಿ ತಿರುಳನ್ನು ಮುಟ್ಟದು.

ಕಾಲದ ಆಯ್ಕೆಯೂ ಒಂದು ಯುಕ್ತಿಯೇ. ಪೇರಲದಲ್ಲಿ ಬೇಸಗೆಯ ಮೊದಲಿಗೆ ಹೂವಾದ ಫಸಲು ಮಳೆಗಾಲದಲ್ಲಿ ಹಣ್ಣಾಗುತ್ತದೆ. ನೊಣದ ಹಾವಳಿ ಮಿತಿಮೀರುವುದೂ ಆಗಲೇ. ಬೇಸಗೆಯಲ್ಲಿ ನೀರು ತಡೆದು, ಮುಂಗಾರಿನಲ್ಲಿ ಹೂಬಿಡಿಸುವ ಮೃಗ ಬಹಾರವನ್ನು ಹಿಡಿದರೆ ಹಣ್ಣು ಚಳಿಗಾಲಕ್ಕೆ ಬರುತ್ತದೆ. ಆಗ ನೊಣವೂ ಕಡಿಮೆ, ಹಣ್ಣಿನ ಸವಿಯೂ ಹೆಚ್ಚು. ಬೇಸಗೆಯಲ್ಲಿ ನೀರಿಗೆ ತಾತ್ವಾರ ಪಡುವ ಈ ಭಾಗದ ತೋಟಿಗರಿಗೆ ಇದು ಕೊರತೆಯನ್ನೇ ಲಾಭವಾಗಿ ತಿರುಗಿಸಿಕೊಳ್ಳುವ ದಾರಿ.

ಬಳ್ಳಿಕಾಯಿಗಳ ನೊಣಕ್ಕೆ ಇನ್ನೊಂದು ಅಭ್ಯಾಸವುಂಟು. ಅದು ಬಳ್ಳಿಯ ಬಳಿಗೆ ಬರುವುದು ತತ್ತಿಯಿಡಲು ಮಾತ್ರ. ಉಳಿದ ಹೊತ್ತು ಸುತ್ತಲಿನ ಎತ್ತರದ ಗಿಡಗಳ ನೆರಳಿನಲ್ಲಿ, ವಿಶೇಷವಾಗಿ ಗೋವಿನಜೋಳದ ಎಲೆಗಳ ಅಡಿಯಲ್ಲಿ, ವಿಶ್ರಮಿಸುತ್ತದೆ. ಹೀರೆ, ಹಾಗಲಗಳ ಹೊಲದ ಅಂಚಿನಲ್ಲಿ ನಾಲ್ಕಾರು ಸಾಲು ಗೋವಿನಜೋಳವಿದ್ದು, ಬೆಲ್ಲದ ನೀರಿಗೆ ಅಲ್ಪ ಔಷಧ ಬೆರೆಸಿದ ಪಾಕವನ್ನು ಆ ಎಲೆಗಳ ಮೇಲೆ ಅಲ್ಲಲ್ಲಿ ಚಿಮುಕಿಸಿದರೆ, ತಿನ್ನುವ ಕಾಯಿಗೆ ವಿಷದ ಹನಿಯೂ ತಗಲದೆ ನೊಣ ಸಾಯುತ್ತದೆ. ತತ್ತಿ ಬಲಿಯಲು ಹೆಣ್ಣಿಗೆ ಪೌಷ್ಟಿಕ ಆಹಾರ ಬೇಕು. ಬೆಲ್ಲದ ಜೊತೆಗೆ ಸಸಾರಜನಕ ಪದಾರ್ಥವೂ ಸೇರಿದ ಪಾಕವು ಹೆಣ್ಣುನೊಣವನ್ನು ಹೆಚ್ಚು ಸೆಳೆಯುತ್ತದೆ. ಬೋನು ಬಿಟ್ಟುಬಿಡುವ ಹೆಣ್ಣನ್ನು ಪಾಕವು ಹಿಡಿಯುತ್ತದೆ. ಯಾವ ಔಷಧ, ಎಷ್ಟು ಪ್ರಮಾಣ, ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂಬುದನ್ನು ಮಾತ್ರ ಬಲ್ಲವರನ್ನು ಕೇಳಿಯೇ ನಿರ್ಧರಿಸತಕ್ಕದ್ದು.

ಇದು ಹೊಟ್ಟೆಪಾಡಿನ ಪ್ರಶ್ನೆ ಮಾತ್ರವಲ್ಲ, ದೇಶದ ಮಾನದ ಪ್ರಶ್ನೆಯೂ ಹೌದು. 2014ರ ಮೇ ತಿಂಗಳಿನಿಂದ ಯೂರೋಪಿನ ಒಕ್ಕೂಟವು ಭಾರತದ ಮಾವಿನಹಣ್ಣನ್ನೂ, ಹಾಗಲ, ಪಡವಲ, ಬದನೆ ಮುಂತಾದ ನಾಲ್ಕು ತರಕಾರಿಗಳನ್ನೂ ಬಾಗಿಲಲ್ಲಿಯೇ ತಡೆಯಿತು. ಹೋದ ಸರಕಿನಲ್ಲಿ ಹಣ್ಣಿನ ನೊಣವೇ ಮೊದಲಾದ ಕೀಟಗಳು ಸಿಕ್ಕಿದ್ದೇ ಅದಕ್ಕೆ ಕಾರಣ. ಪರೀಕ್ಷೆಯ ಏರ್ಪಾಡುಗಳನ್ನು ಬಿಗಿಗೊಳಿಸಿದ ಮೇಲೆ, 2015ರ ಆರಂಭದಲ್ಲಿ ಮಾವಿನ ಮೇಲಿನ ನಿಷೇಧ ತೆರವಾಯಿತು. ಕೊಯ್ದ ಮಾವನ್ನು 48 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದು ಗಂಟೆ ಮುಳುಗಿಸಿ ತತ್ತಿ–ಹುಳುಗಳನ್ನು ಕೊಲ್ಲುವ ಕ್ರಮವೂ ಬಳಕೆಯಲ್ಲಿದೆ. ಆದರೆ ಬಂದರಿನಲ್ಲಿ ಮಾಡುವ ಚಿಕಿತ್ಸೆಗಿಂತ ಬದುವಿನಲ್ಲಿ ಮಾಡುವ ಜಾಗರೂಕತೆ ಮೇಲು.

ನೀರಿಗೊಂದು ಪಾಳಿ, ನೊಣಕ್ಕೊಂದು ಪಾಳಿ

ಊರೆಲ್ಲ ಒಟ್ಟಾಗುವುದು ಸಾಧ್ಯವೆ ಎಂದು ಯಾರಾದರೂ ಕೇಳಬಹುದು. ಕಾಲುವೆಯ ನಾಡಿನವರು ಈ ಪ್ರಶ್ನೆಗೆ ಎಂದೋ ಉತ್ತರ ಕೊಟ್ಟಿದ್ದಾರೆ. ಕಾಲುವೆಯ ನೀರನ್ನು ಪಾಳಿಯ ಮೇಲೆ ಹಂಚಿಕೊಳ್ಳದೆ ಯಾರ ಹೊಲವೂ ಹಸಿರಾಗುವುದಿಲ್ಲ. ಮೇಲಿನವನು ನೀರು ಕಟ್ಟಿಹಾಕಿದರೆ ಕೆಳಗಿನವನ ಬೆಳೆ ಒಣಗುತ್ತದೆಂಬುದನ್ನು ಮಕ್ಕಳೂ ಬಲ್ಲರು; ಅದಕ್ಕಾಗಿ ಜಗಳವಾಗುತ್ತದೆ, ಪಂಚಾಯಿತಿಯಾಗುತ್ತದೆ, ಒಪ್ಪಂದವಾಗುತ್ತದೆ. ಒಬ್ಬನ ಗಿಡದ ಕೆಳಗೆ ಕೊಳೆಯುವ ಹಣ್ಣು ಮತ್ತೊಬ್ಬನ ಫಸಲನ್ನು ಹಾಳು ಮಾಡುತ್ತದೆಂಬ ತಿಳಿವು ಮಾತ್ರ ಇನ್ನೂ ಹಾಗೆ ಬೇರೂರಬೇಕಾಗಿದೆ. ನೀರಿನ ಅನ್ಯಾಯ ಕಣ್ಣಿಗೆ ಕಾಣುತ್ತದೆ. ನೊಣದ ಅನ್ಯಾಯಕ್ಕೆ ರೆಕ್ಕೆಯಿರುವುದರಿಂದ ಕಾಣುವುದಿಲ್ಲ.

ಗೋಕಾಕದ ಸಮೀಪದ ಅರಭಾವಿಯಲ್ಲಿ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯವಿದೆ. ಶಾಸ್ತ್ರವು ಹೊಲದ ಮಗ್ಗುಲಿಗೇ ಬಂದು ನೆಲೆಸಿರುವುದು ಈ ಭಾಗದ ಭಾಗ್ಯ. ಅಲ್ಲಿಯ ತಿಳಿವು ಹಳ್ಳಿಯ ಜಗುಲಿಗೆ ತಲುಪುವುದಕ್ಕೆ ಶಾಲೆಯ ಮಾಸ್ತರರೂ ವಿದ್ಯಾರ್ಥಿಗಳೂ ಸೇತುವೆಯಾಗಬಲ್ಲರು. ಒಂದು ಡಬ್ಬಿಯ ಬೋನನ್ನು ಶಾಲೆಯ ಅಂಗಳದಲ್ಲಿ ತೂಗುಹಾಕಿ, ವಾರಕ್ಕೊಮ್ಮೆ ಬಿದ್ದ ನೊಣಗಳನ್ನೆಣಿಸಿ ಹಲಗೆಯ ಮೇಲೆ ಬರೆದರೆ, ಅದು ಗಣಿತದ ಪಾಠವೂ ಹೌದು, ಜೀವಶಾಸ್ತ್ರದ ಪಾಠವೂ ಹೌದು, ಊರಿಗೆ ಮುನ್ಸೂಚನೆಯೂ ಹೌದು. ಎಣಿಕೆ ಏರತೊಡಗಿದ ವಾರವೇ ಬಿದ್ದ ಹಣ್ಣನ್ನು ಆರಿಸುವ ಕೆಲಸ ಊರೆಲ್ಲ ನಡೆಯಬೇಕೆಂದು ಡಂಗುರ ಸಾರಬಹುದು.

ಬದುವೆಂಬುದು ಮನುಷ್ಯನ ಕಟ್ಟಳೆ. ಅದರ ಸಲುವಾಗಿ ಅಣ್ಣತಮ್ಮಂದಿರು ನ್ಯಾಯಾಲಯದ ಮೆಟ್ಟಿಲು ಹತ್ತುವುದುಂಟು, ಒಂದು ಗೇಣು ನೆಲಕ್ಕಾಗಿ ತಲೆಮಾರುಗಳು ಮಾತು ಬಿಡುವುದುಂಟು. ನೊಣಕ್ಕೆ ಆ ಬದುವಿನ ಅರಿವೇ ಇಲ್ಲ. ಅದರ ಪಾಲಿಗೆ ಇಡೀ ಊರು ಒಂದೇ ತೋಟ. ಊರು ತನ್ನನ್ನು ತಾನು ಹಾಗೆಯೇ ಭಾವಿಸಿಕೊಂಡ ದಿನ, ಸಂತೆಯಲ್ಲಿ ಕೊಂಡ ಪೇರಲವನ್ನು ನಿಶ್ಚಿಂತೆಯಿಂದ ಹೋಳು ಮಾಡಬಹುದು.