ನಿಮಗಿದು ಗೊತ್ತೆ? ಮದ್ದು ತಗ್ಗಿಸಿದ ತೋಟಾ

ಹಳೆಯ ದೊಡ್ಡ ಬೇಟೆ ಕೋವಿಗಳಿಗೆಂದೇ ಒಂದು ಕಾಲದಲ್ಲಿ ಬಲ ತಗ್ಗಿಸಿದ ತೋಟಾ ತಯಾರಾಗುತ್ತಿತ್ತು. ಹೆಸರು ‘ನೈಟ್ರೋ ಫಾರ್ ಬ್ಲ್ಯಾಕ್’. 19ನೇ ಶತಮಾನದ ಎಕ್ಸ್‌ಪ್ರೆಸ್ ರೈಫಲ್‌ಗಳ ನಳಿಗೆ ಕರಿಮದ್ದಿನ ಒತ್ತಡವನ್ನಷ್ಟೇ ತಾಳುವಂಥದು. 1889ರಲ್ಲಿ ಬ್ರಿಟನ್ನಿನ ಏಬಲ್ ಮತ್ತು ಡ್ಯೂಆರ್ ಕಾರ್ಡೈಟ್ ರೂಪಿಸಿದರು. ಶಾವಿಗೆ ಎಳೆಯಂಥ ಈ ಮದ್ದಿಗೆ ಹೊಗೆ ಕಡಿಮೆ, ಕಸುವು ಬಲು ಹೆಚ್ಚು. ಕರಿಮದ್ದಿನಷ್ಟೇ ತುಂಬಿದರೆ ಹಳೆಯ ನಳಿಗೆ ಸೀಳುವ ಅಪಾಯ. ಅದಕ್ಕೇ ಕಾರ್ಖಾನೆಯವರು ಅಳೆದು ಕಡಿಮೆ ಹಾಕಿ, ಗುಂಡಿಗೆ ಹಳೆಯ ವೇಗವೇ ಬರುವಂತೆ ಮಾಡಿದರು. ಹಾಗೆಂದು ಕಡಿಮೆ ಮದ್ದೆಲ್ಲ ಕ್ಷೇಮವಲ್ಲ! ಕೆಲವು ಹೊಗೆರಹಿತ ಮದ್ದು ತೀರಾ ಕಡಿಮೆಯಾದರೆ ಒತ್ತಡ ಅಂಕೆ ಮೀರಬಹುದು. ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಲೂಬಹುದು.

ಕಾರ್ಡೈಟ್ ಕಾರ್ಖಾನೆಯೊಂದು ನಮ್ಮ ಗಡಿಯಾಚೆಯ ನೀಲಗಿರಿಯಲ್ಲಿ, ಬಡಗರ ಸೀಮೆಯ ಅರುವಂಕಾಡಿನಲ್ಲಿ, 20ನೇ ಶತಮಾನದ ಆರಂಭದಲ್ಲೇ ಶುರುವಾಯಿತು.

ಈಗ ಬೇಟೆಗೆ 1972ರ ವನ್ಯಜೀವಿ ಕಾಯ್ದೆಯ ತಡೆ. ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಕೋವಿ ಇಟ್ಟುಕೊಳ್ಳಲು ಪರವಾನಗಿಯ ವಿನಾಯಿತಿ ಪಡೆದ ಕೊಡವರೂ ಕೈಲ್‌ಪೊಳ್ದ್ ಹಬ್ಬದಲ್ಲಿ ಗುರಿಯಿಡುವುದು ತೆಂಗಿನಕಾಯಿಗೆ.